ಪಿತ್ತಕೋಶ ತೆಗೆಸಿದ್ದೀರಾ? ಬಯಾಪ್ಸಿ ರಿಪೋರ್ಟ್ ಕೇಳಿ ತಗೊಳ್ಳಿ

ಅಮ್ಮನಿಗೆ ಊಟವಾದ ಮೇಲೆ ಬಲಗಡೆ ಪಕ್ಕೆಯ ಕೆಳಗೆ ನೋವು ಬರುತ್ತಿತ್ತು. ಗ್ಯಾಸ್ಟ್ರಿಕ್ ಅಂದುಕೊಂಡು ತಿಂಗಳುಗಟ್ಟಲೆ ಮಾತ್ರೆ ನುಂಗಿದರು. ಕೊನೆಗೆ ಸ್ಕ್ಯಾನ್ ಮಾಡಿಸಿದಾಗ ಪಿತ್ತಕೋಶದಲ್ಲಿ ಕಲ್ಲು ಕಾಣಿಸಿತು. ಗೋಡೆ ಒಂದು ಕಡೆ ಮಾತ್ರ ದಪ್ಪಗಿದೆ ಅಂತಲೂ ಬರೆದಿತ್ತು. "ಕಲ್ಲಿದ್ದರೆ ಹೀಗಾಗುತ್ತೆ, ಹೆದರಬೇಡಿ" ಅಂದರು ಡಾಕ್ಟರು. ಲ್ಯಾಪರೊಸ್ಕೋಪಿ ಮಾಡಿ ಪಿತ್ತಕೋಶ ತೆಗೆದರು. ಎರಡನೇ ದಿನವೇ ಮನೆಗೆ ಬಂದೆವು.

ತೆಗೆದ ಪಿತ್ತಕೋಶವನ್ನು ಲ್ಯಾಬಿಗೆ ಕಳಿಸಿದ್ದರು. ಆ ಪರೀಕ್ಷೆಯ ವರದಿಯೇ ಬಯಾಪ್ಸಿ ರಿಪೋರ್ಟ್. ಅದು ಬಂದು ಆಸ್ಪತ್ರೆಯಲ್ಲೇ ಉಳಿದುಬಿಟ್ಟಿತು. ಹೊಲಿಗೆ ಬಿಚ್ಚಿದ ದಿನವೂ ಡಾಕ್ಟರು ಅದರ ಮಾತೆತ್ತಲಿಲ್ಲ. ಕೇಳಬೇಕು ಅಂತ ನಮಗೂ ಗೊತ್ತಿರಲಿಲ್ಲ. ಐದು ತಿಂಗಳಾದ ಮೇಲೆ ಇನ್ಶೂರೆನ್ಸ್ ಕಾಗದ ತರಲು ಹೋದಾಗ ಆ ಹಾಳೆ ನನ್ನ ಕೈಗೆ ಬಂತು. ಅಡಿನೊಸ್ಕ್ವೇಮಸ್ ಕಾರ್ಸಿನೋಮ ಎಂಬ ಕ್ಯಾನ್ಸರ್, ಹಂತ ಟಿ2, ಅಂದರೆ ಗೋಡೆಯ ಸ್ನಾಯುವಿನ ಪದರ ದಾಟಿದ್ದು. ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ.

ಪಿತ್ತಕೋಶದ ಕ್ಯಾನ್ಸರೇ ಅಪರೂಪ. ಅದರಲ್ಲೂ ಹೆಚ್ಚಿನವು ಅಡಿನೊಕಾರ್ಸಿನೋಮ ಎಂಬ ಬಗೆಯವು. ಅಮ್ಮನದು ಇನ್ನೂ ಅಪರೂಪದ್ದು, ಬೇಗ ಹರಡುವಂಥದ್ದು. ಕ್ಯಾನ್ಸರ್ ಡಾಕ್ಟರು ಚಿತ್ರ ಬರೆದು ಬಿಡಿಸಿ ಹೇಳಿದರು. ಗಡ್ಡೆ ಒಳಪದರದಲ್ಲೇ ಇದ್ದರೆ, ಅಂದರೆ ಟಿ1ಎ ಆದರೆ, ಸಾಮಾನ್ಯವಾಗಿ ಪಿತ್ತಕೋಶ ತೆಗೆದರೆ ಸಾಕು. ಸ್ನಾಯುವಿನ ಪದರ ಮುಟ್ಟಿದ್ದರೆ ಅಥವಾ ದಾಟಿದ್ದರೆ ಕೆಲವೇ ವಾರಗಳಲ್ಲಿ ಎರಡನೇ ಆಪರೇಷನ್ ಆಗಬೇಕು. ಪಿತ್ತಕೋಶ ಅಂಟಿಕೊಂಡಿದ್ದ ಲಿವರ್‌ನ ಭಾಗವನ್ನೂ ಸುತ್ತಲಿನ ಲಿಂಫ್ ಗ್ರಂಥಿಗಳನ್ನೂ ತೆಗೆಯುತ್ತಾರೆ. ಆಮೇಲೆ ಸಾಮಾನ್ಯವಾಗಿ 6 ತಿಂಗಳು ಕ್ಯಾಪೆಸಿಟಬಿನ್ ಎಂಬ ಕೀಮೋ ಮಾತ್ರೆ.

ನಮ್ಮ ಕೈಯಲ್ಲಿ ಆ ವಾರಗಳು ಇದ್ದವು. ಅದೇ ನನಗೆ ತಡೆಯಲಾಗದ ಸಂಕಟ. ಹೊಸ ಸಿಟಿ ಸ್ಕ್ಯಾನ್‌ನಲ್ಲಿ ಹೊಟ್ಟೆಯ ಒಳಪೊರೆಯ ಮೇಲೆ ಸಣ್ಣ ಸಣ್ಣ ಗಂಟುಗಳಿದ್ದವು. ಇನ್ನು ಆಪರೇಷನ್ ಆಗಲ್ಲ ಅಂದರು. ಈಗ ಜೆಮ್ಸಿಟಬಿನ್, ಸಿಸ್ಪ್ಲಾಟಿನ್ ಎಂಬ ಕೀಮೋ ಔಷಧಿಗಳು, ಜೊತೆಗೆ ಡುರ್ವಾಲುಮಾಬ್ ಎಂಬ ಇಮ್ಯುನೊಥೆರಪಿ (ದೇಹದ ರೋಗನಿರೋಧಕ ಶಕ್ತಿಯೇ ಕ್ಯಾನ್ಸರ್ ವಿರುದ್ಧ ಹೋರಾಡುವಂತೆ ಮಾಡುವ ಔಷಧಿ) ಡ್ರಿಪ್ ನಡೆಯುತ್ತಿದೆ. ಗಡ್ಡೆಯಲ್ಲಿ ಹರ್2 ಎಂಬ ಪ್ರೋಟೀನ್ ಹೆಚ್ಚಿದೆಯೇ ಎಂದು ನೋಡುವ ಪರೀಕ್ಷೆಗೂ ಕೊಟ್ಟಿದ್ದೇವೆ.

ಕಲ್ಲಿರುವವರೆಲ್ಲ ಹೆದರಬೇಕಿಲ್ಲ. ಅವರಲ್ಲಿ ಬಹಳ ಜನಕ್ಕೆ ಕ್ಯಾನ್ಸರ್ ಬರುವುದೇ ಇಲ್ಲ. ಆದರೆ ಸ್ಕ್ಯಾನ್‌ನಲ್ಲಿ ಗೋಡೆ ಒಂದೇ ಕಡೆ ದಪ್ಪಗಿದ್ದರೆ, ಅಥವಾ 10 ಮಿಲಿಮೀಟರ್ ದಾಟಿದ ಪಾಲಿಪ್ (ಒಳಗೋಡೆಯಲ್ಲಿ ಬೆಳೆದ ಗಂಟು) ಇದ್ದರೆ, ಆಪರೇಷನ್‌ಗೆ ಮೊದಲೇ ಲಿವರ್ ಮತ್ತು ಪಿತ್ತನಾಳದ ಸರ್ಜನ್‌ಗೆ ತೋರಿಸಿ. ಪಿತ್ತಕೋಶ ಹರಿದು ಪಿತ್ತ ಚೆಲ್ಲಿದರೆ ಕ್ಯಾನ್ಸರ್ ಕಣಗಳು ಹೊಟ್ಟೆಯೊಳಗೆ ಹರಡಬಹುದು. ಹಾಗಾಗಿ ಆಪರೇಷನ್ ವಿವರ ಬರೆದ ಹಾಳೆಯನ್ನೂ ಕೇಳಿ ಪಡೆಯಿರಿ. ಡಿಸ್ಚಾರ್ಜ್ ದಿನವೇ ಬಯಾಪ್ಸಿ ರಿಪೋರ್ಟ್ ಯಾವತ್ತು ಬರುತ್ತೆ, ಯಾರು ಕೊಡ್ತಾರೆ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಆವತ್ತು ನೀವೇ ಹೋಗಿ ತನ್ನಿ. "ಏನೂ ಇಲ್ಲ" ಅಂತ ಫೋನಲ್ಲಿ ಹೇಳಿದರೂ ಹಾಳೆ ಕೈಗೆ ತಗೊಳ್ಳಿ. ನಿಮ್ಮ ಮನೆಯಲ್ಲಿ ಯಾರಿಗಾದರೂ ಆಪರೇಷನ್ ಆಗಿ ರಿಪೋರ್ಟ್ ಇನ್ನೂ ಸಿಕ್ಕಿಲ್ಲ ಅಂದರೆ, ದಯವಿಟ್ಟು ನಾಳೆಯೇ ಹೋಗಿ.