ಥೋರೆನ್ಸ್ ಟಿಡಿ 160: ಹೊಳಪು ನೋಡಿ ಕೊಳ್ಳಬೇಡಿ, ಬೇರಿಂಗ್ ನೋಡಿ

ಹಳೆಯ ಟರ್ನ್‌ಟೇಬಲ್, ಅಂದರೆ ಹಾಡಿನ ಪ್ಲೇಟ್ ಹಾಕುವ ಪ್ಲೇಯರ್, ಮಾರುವವರು "ಫುಲ್ ಸರ್ವಿಸ್ ಆಗಿದೆ ಸಾರ್" ಅಂದರೆ ನಂಬಬೇಡಿ. ಮುಚ್ಚಳಕ್ಕೆ ಪಾಲಿಶ್ ಹೊಡೆದಿರುತ್ತಾರೆ, ಮರದ ಚೌಕಟ್ಟಿಗೆ ಏನೋ ಸವರಿ ಫಳಫಳ ಅನ್ನಿಸಿರುತ್ತಾರೆ, ಒಂದು ಹೊಸ ಬೆಲ್ಟ್ ಹಾಕಿರುತ್ತಾರೆ. ನನಗೆ ಬೆಂಗಳೂರಿನಲ್ಲಿ ಇದನ್ನು ಮಾರಿದ ಪುಣ್ಯಾತ್ಮರೂ ಅಷ್ಟನ್ನೇ ಮಾಡಿದ್ದರು. ಬೇರಿಂಗ್‌ಗೆ ಅವರು ಕೈ ಹಾಕಿರಲಿಲ್ಲ. ಅವರಿಗಿಂತ ಮುಂಚಿನವರು ಯಾರೋ ಹಾಕಿದ್ದರು, ಅದು ಇನ್ನೂ ಕೆಟ್ಟದ್ದು.

ಈ ಮಾದರಿ 1972ರಲ್ಲಿ ಬಂದದ್ದು. ಬೆಲ್ಟ್ ಡ್ರೈವ್, ನಿಮಿಷಕ್ಕೆ 33 ಮತ್ತು 45 ಸುತ್ತಿನ ವೇಗ, ಸ್ಪ್ರಿಂಗ್ ಮೇಲೆ ತೇಲುವ ಒಳಚೌಕಟ್ಟು. ಇದೆಲ್ಲ ಓದಿಕೊಂಡೇ ನೀವು ಇಲ್ಲಿಗೆ ಬಂದಿರುತ್ತೀರಿ, ಆ ಪಟ್ಟಿ ಮತ್ತೆ ಕೊಡಲ್ಲ. ಕೆಲವು ವರ್ಷ ದಿನಾ ಬಳಸಿದ ಮೇಲೆ ನನಗೆ ಹೇಳಬೇಕು ಅನ್ನಿಸಿರುವುದು ಪ್ಲೇಟ್ ಹೊತ್ತು ತಿರುಗುವ ತಟ್ಟೆಯ ನಡುವೆ, ಅದರ ಶಾಫ್ಟ್ ಇಳಿದು ಕೂರುವ ಆ ಸಣ್ಣ ಗುಂಡಿಯ, ಅಂದರೆ ಬೇರಿಂಗಿನ ವಿಷಯ.

ತಂದ ಹೊಸದರಲ್ಲಿ ಬೇಸಿಗೆ, ಎಲ್ಲ ಸರಿಯಾಗಿಯೇ ಇತ್ತು. ಕಾರ್ತಿಕ ಮುಗಿದು ತುಮಕೂರಿಗೆ ಚಳಿ ಇಳಿದ ಮೇಲೆ ಶುರುವಾಯಿತು ನೋಡಿ ಅದರ ಆಟ. ಬೆಳಗ್ಗೆ ಆರೂವರೆಗೆ ಸ್ವಿಚ್ ಹಾಕಿದರೆ ತಟ್ಟೆಗೆ ಏಳಲು ಮನಸ್ಸೇ ಇಲ್ಲ. ಬೆಲ್ಟ್ ಜಾರುತ್ತೆ, ತಟ್ಟೆ ತೆವಳುತ್ತೆ, ಮೊದಲನೆಯ ಹಾಡು ಅರ್ಧ ಮುಗಿಯುವವರೆಗೂ ಶ್ರುತಿ ಕೆಳಗೇ. ಹತ್ತು ಗಂಟೆಗೆ ಬಿಸಿಲು ಕೋಣೆಗೆ ಬಿದ್ದ ಮೇಲೆ ಏನೂ ಆಗಿಲ್ಲವೇನೋ ಎಂಬಂತೆ ಸರಾಗವಾಗಿ ತಿರುಗುತ್ತೆ. ಬೆಲ್ಟ್ ಬದಲಾಯಿಸಿ ನೋಡಿದೆ, ವ್ಯತ್ಯಾಸ ಇಲ್ಲ. ಮೋಟರಿನ ಮೇಲೆ ಅನುಮಾನ ಬಂತು. ಆದರೆ ಇದು ಸಿಂಕ್ರೊನಸ್ ಮೋಟರು, ವೋಲ್ಟೇಜ್ ಸ್ವಲ್ಪ ಏರಿಳಿದರೂ ಅದರ ವೇಗ ಕರೆಂಟಿನ 50 ಹರ್ಟ್ಸ್ ಹಿಡಿದುಕೊಂಡೇ ಹೋಗುತ್ತೆ. ಬೆಸ್ಕಾಂನವರನ್ನು ಬೈದು ಪ್ರಯೋಜನ ಇರಲಿಲ್ಲ.

ಕೊನೆಗೆ ಹೊರತಟ್ಟೆ ತೆಗೆದು, ಬೆಲ್ಟ್ ಬಿಚ್ಚಿ, ಒಳತಟ್ಟೆಯನ್ನು ನೇರವಾಗಿ ಮೇಲಕ್ಕೆ ಎಳೆದೆ. ಶಾಫ್ಟ್ ಈಚೆ ಬಂದ ಕೂಡಲೇ ಮೂಗಿಗೆ ಬಡಿಯಿತು, ಕಮಟು ಕೊಬ್ಬರಿ ಎಣ್ಣೆ ವಾಸನೆ! ತೆಂಗಿನ ಸೀಮೆಯಲ್ಲಿ ಹುಟ್ಟಿದವನಿಗೆ ಆ ವಾಸನೆ ಯಾರೂ ಹೇಳಿಕೊಡಬೇಕಿಲ್ಲ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗಿಳಿದರೆ ಹೆಪ್ಪುಗಟ್ಟುತ್ತೆ. ಚಳಿಗಾಲದ ಬೆಳಗ್ಗೆ ನಮ್ಮ ಬಚ್ಚಲುಮನೆಯ ಎಣ್ಣೆ ಬಾಟಲಿ ಬೋರಲು ಹಾಕಿದರೂ ಬೀಳದೆ ಇರುವ ಹಾಗೆಯೇ ಬೇರಿಂಗ್ ಒಳಗೂ ಗಟ್ಟಿಯಾಗಿತ್ತು. ಹೆಪ್ಪುಗಟ್ಟುವುದು ಒಂದು ಕಡೆ, ವರ್ಷಗಟ್ಟಲೆ ಗಾಳಿ ತಾಗಿ ಅಂಟಾಗಿದ್ದು ಇನ್ನೊಂದು ಕಡೆ. ಶಾಫ್ಟಿನ ಕೆಳಗಿನ ಅರ್ಧಕ್ಕೆ ಕಂದು ಬಣ್ಣದ ಪದರ ಕೂತಿತ್ತು, ಹಲಸಿನ ಮೇಣದ ಹಾಗೆ ಉಗುರಿಗೆ ಹತ್ತಿದರೆ ಬಿಡದು. ಹಲಸಿನ ಮೇಣಕ್ಕಾದರೆ ಕೊಬ್ಬರಿ ಎಣ್ಣೆ ಹಚ್ಚಿ ಬಿಡಿಸಬಹುದು. ಕೊಬ್ಬರಿ ಎಣ್ಣೆಯೇ ಮೇಣವಾದರೆ ಏನು ಹಚ್ಚುವುದು?

ಇದು ಯಾಕೆ ಅಷ್ಟು ದೊಡ್ಡ ವಿಷಯ ಅಂದರೆ, ಮೂರು ಕಿಲೋ ಮೇಲಿರುವ ತಟ್ಟೆಯ ಪೂರ್ತಿ ಭಾರ ಆ ಶಾಫ್ಟಿನ ತುದಿಯ ಒಂದು ಬಿಂದುವಿನ ಮೇಲೆ ನಿಂತಿದೆ. ಪಕ್ಕದಲ್ಲಿ ಹಿಡಿದಿರುವುದು ಕಂಚಿನ ಬುಶ್, ಅಂದರೆ ಸಣ್ಣ ಕೊಳವೆ. ಇವೆರಡರ ನಡುವೆ ಎಣ್ಣೆಯ ಒಂದು ತೆಳು ಪದರ ಬಿಟ್ಟರೆ ಬೇರೇನೂ ಇಲ್ಲ. 33⅓ರ ವೇಗದಲ್ಲಿ ಒಂದು ಸುತ್ತಿಗೆ 1.8 ಸೆಕೆಂಡು, ಇಪ್ಪತ್ತು ನಿಮಿಷದ ಒಂದು ಬದಿ ಮುಗಿಯುವಷ್ಟರಲ್ಲಿ 650ಕ್ಕಿಂತ ಹೆಚ್ಚು ಸುತ್ತು. ಕೆಳಗೆ ಲೋಹಕ್ಕೆ ಲೋಹ ಉಜ್ಜಿದರೆ ಆ ಗುರುಗುರು ತಟ್ಟೆ ಹತ್ತಿ, ಅದರ ಮೇಲಿನ ಹಾಡಿನ ಪ್ಲೇಟ್ ಹತ್ತಿ, ಮುಳ್ಳಿಗೆ ತಲುಪುತ್ತೆ. ಮುಳ್ಳಿಗೆ ಗೊತ್ತಿರುವುದು ಅಲುಗಾಟ ಮಾತ್ರ, ಅದು ಸಂಗೀತದ್ದೋ ಬೇರಿಂಗಿನದ್ದೋ ಅಂತ ಅದು ಕೇಳಲ್ಲ.

ನಮ್ಮ ಪಕ್ಕದ ಬೀದಿಯಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರು ಇದ್ದಾರೆ. ತುಮಕೂರಿನ ಹಳಬರಿಗೆ ಆ ಕಾರ್ಖಾನೆ ಅಂದರೆ ಈಗಲೂ ಮನಸ್ಸು ಭಾರ. ಎಚ್‌ಎಂಟಿ ವಾಚ್ ಕಂಪನಿ ಮುಚ್ಚುವ ತೀರ್ಮಾನ ಕೇಂದ್ರ ಸರ್ಕಾರದಿಂದ 2016ರಲ್ಲಿ ಬಂತು, ಇಲ್ಲಿನ ಜಾಗ ಈಗ ಇಸ್ರೋ ಕೈಯಲ್ಲಿದೆ. ಆ ಹಿರಿಯರ ಹತ್ತಿರ ಒಳತಟ್ಟೆಯನ್ನು ಟವೆಲ್‌ನಲ್ಲಿ ಸುತ್ತಿಕೊಂಡು ಹೋದೆ. ಕಣ್ಣಿಗೆ ಐಗ್ಲಾಸ್ ಸಿಕ್ಕಿಸಿಕೊಂಡು ಶಾಫ್ಟ್ ತಿರುಗಿಸಿ ತಿರುಗಿಸಿ ನೋಡಿ, "ಗೀರಿಲ್ಲ ಕಣಪ್ಪ, ಪುಣ್ಯ ಮಾಡಿದೀಯ. ಇದನ್ನ ಪೇಪರಲ್ಲಿ ಉಜ್ಜಕ್ಕೆ ಮಾತ್ರ ಹೋಗಬೇಡ," ಅಂದರು. ಪೇಪರ್ ಅಂದರೆ ಉಪ್ಪುಕಾಗದ, ಎಮರಿ. "ಎಣ್ಣೆ ಎಷ್ಟು ಹಾಕ್ಲಿ ಸರ್?" ಅಂದೆ. "ವಾಚಲ್ಲಿ ನಾವು ಎಣ್ಣೆ ಹಾಕ್ತಿರಲಿಲ್ಲ, ಮುಟ್ಟಿಸ್ತಿದ್ವಿ. ನಿನ್ನದು ಗುಂಡಿ, ಸ್ವಲ್ಪ ನಿಲ್ಲಬೇಕು. ಉಕ್ಕಿ ಬೆಲ್ಟಿಗೆ ಹೋದ್ರೆ ಮಾತ್ರ ಕೆಟ್ಟೆ."

ತೊಳೆಯುವ ಕೆಲಸ ಒಂದು ಭಾನುವಾರದ ಮಧ್ಯಾಹ್ನ ಮಾಡಿದೆ. ಮೊಬೈಲ್ ರಿಪೇರಿಯವರು ಬೋರ್ಡ್ ತೊಳೆಯಲು ಬಳಸುವ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಒಂದು ಬಾಟಲಿ, ಹಳೆಯ ಬನಿಯನ್ ಬಟ್ಟೆ, ಪಾರ್ಸೆಲ್ ನೂಡಲ್ಸ್ ಜೊತೆ ಬಂದು ಡ್ರಾಯರ್‌ನಲ್ಲಿ ಬಿದ್ದಿದ್ದ ಚಾಪ್‌ಸ್ಟಿಕ್, ಸೂಜಿ ತೆಗೆದ ಒಂದು ಸಿರಿಂಜ್. ಆರ್ಮನ್ನು ಅದರ ಕೊಂಡಿಯಲ್ಲಿ ಕೂರಿಸಿ, ಮುಳ್ಳಿಗೆ ಟೋಪಿ ಹಾಕಿ, ಪ್ಲಗ್ ಕಿತ್ತೇ ಶುರು ಮಾಡಿ. ಇಯರ್ ಬಡ್ ಬೇಡ, ಅದರ ಹತ್ತಿಯ ಎಳೆ ಒಳಗೇ ಉಳಿಯುತ್ತೆ. ಬನಿಯನ್ ಬಟ್ಟೆಯ ಒಂದು ಪಟ್ಟಿಯನ್ನು ಚಾಪ್‌ಸ್ಟಿಕ್ ತುದಿಗೆ ಬಿಗಿಯಾಗಿ ಸುತ್ತಿ, ಐಪಿಎಯಲ್ಲಿ ಅದ್ದಿ, ಗುಂಡಿಯೊಳಗೆ ಇಳಿಸಿ ಒಂದೇ ದಿಕ್ಕಿಗೆ ತಿರುಗಿಸಬೇಕು. ಮೊದಲ ಪಟ್ಟಿ ಹೊರಗೆ ಬಂದಾಗ ಕಾಫಿ ಗಷ್ಟದ ಬಣ್ಣ. ಮುಂದಿನದು ಜೇನುಕಂದು, ಆಮೇಲಿನದು ಹಳದಿ. ಬಟ್ಟೆ ಬೆಳ್ಳಗೇ ವಾಪಸ್ ಬರುವವರೆಗೆ ಮಾಡುತ್ತಾ ಹೋದೆ. ಮನೆಯವಳು ಕಾಫಿ ತಂದಿಟ್ಟು, ಟೇಬಲ್ ಮೇಲೆ ಸಾಲಾಗಿ ಬಿದ್ದಿದ್ದ ಪಟ್ಟಿಗಳನ್ನು ನೋಡಿ, ಏನೂ ಹೇಳದೆ ಹೋದಳು.

ಶಾಫ್ಟಿಗೆ ಅಂಟಿದ್ದಕ್ಕೆ ತಾಳ್ಮೆಯೇ ಮದ್ದು. ಐಪಿಎ ನೆನೆಸಿದ ಬಟ್ಟೆ ಸುತ್ತಿ ಸ್ವಲ್ಪ ಹೊತ್ತು ಬಿಟ್ಟರೆ ಮೆತ್ತಗಾಗುತ್ತೆ, ಆಮೇಲೆ ಮರದ ಕಡ್ಡಿಯಲ್ಲಿ ಕೆರೆದರೆ ಸುರುಳಿ ಸುರುಳಿಯಾಗಿ ಏಳುತ್ತೆ. ಲೋಹದ್ದು ಯಾವುದೂ ತಾಗಿಸಬೇಡಿ. ನಿಮ್ಮದು ಬೇರೆ ಮಾದರಿಯಾಗಿ ತಳದಲ್ಲಿ ಬಿಡಿ ಗುಂಡು ಇದ್ದರೆ, ಶಾಫ್ಟ್ ಎತ್ತುವಾಗ ಅದು ಎಣ್ಣೆಗೆ ಅಂಟಿ ಜೊತೆಗೇ ಬಂದು ಸೋಫಾ ಕೆಳಗೆ ಉರುಳುತ್ತೆ. ಕೆಳಗೆ ಒಂದು ಬಿಳಿ ಬಟ್ಟೆ ಹಾಸಿಕೊಳ್ಳಿ.

ಇನ್ನು ಎಣ್ಣೆ. ಇಲ್ಲಿ ನನಗೆ ನಿಜಕ್ಕೂ ಸಿಟ್ಟು ಬಂತು. ಆನ್‌ಲೈನ್‌ನಲ್ಲಿ 'ಟರ್ನ್‌ಟೇಬಲ್ ಬೇರಿಂಗ್ ಆಯಿಲ್' ಅಂತ ಕಣ್ಣಿಗೆ ಹಾಕುವ ಡ್ರಾಪ್ಸ್‌ನಷ್ಟು ಸಣ್ಣ ಶೀಷೆ ಮಾರುತ್ತಾರೆ, ಕೊರಿಯರ್ ಸೇರಿದರೆ ಅದರ ಬೆಲೆಯಲ್ಲಿ ಮಂಡಿಪೇಟೆಯಲ್ಲಿ ತಿಂಗಳ ಅಡುಗೆ ಎಣ್ಣೆ ತರಬಹುದು. ಒಳಗಿರುವುದು ಏನು ಅಂತ ಮಾತ್ರ ಬರೆದಿರಲ್ಲ. ಹೊಲಿಗೆ ಮೆಷಿನ್ ಎಣ್ಣೆ ಹಾಕಬಹುದಾ ಅಂದರೆ, ಕೊಬ್ಬರಿ ಎಣ್ಣೆಗಿಂತ ಸಾವಿರ ಪಾಲು ವಾಸಿ, ಆದರೆ ಈ ಭಾರಕ್ಕೆ ಸ್ವಲ್ಪ ತೆಳು. ನಾನು ಅದನ್ನು ಮೋಟರಿನ ಬುಶ್‌ಗೆ ಒಂದು ಹನಿ ಹಾಕಲು ಇಟ್ಟುಕೊಂಡಿದ್ದೀನಿ. ಬೈಕಿನ ಇಂಜಿನ್ ಆಯಿಲ್ ಬೇಡ. ಅದರಲ್ಲಿ ಕೊಳೆಯನ್ನು ತೇಲಿಸಿಟ್ಟುಕೊಳ್ಳುವ ಡಿಟರ್ಜೆಂಟ್ ಇರುತ್ತೆ, ಬೈಕಿನಲ್ಲಾದರೆ ಆ ಕೊಳೆ ಫಿಲ್ಟರಿಗೆ ಹೋಗುತ್ತೆ. ಇಲ್ಲಿ ಫಿಲ್ಟರ್ ಇಲ್ಲ, ಕೊಳೆ ತಳದಲ್ಲಿ ಕೂತರೇ ಒಳ್ಳೆಯದು. ಡಬ್ಲ್ಯೂಡಿ-40 ಅಂತೂ ಬೇಡವೇ ಬೇಡ. ತೇವ ಓಡಿಸಲು, ತುಕ್ಕು ಹಿಡಿದ ನಟ್ ಬಿಡಿಸಲು ಅದು ಸರಿ, ಬೇರಿಂಗಿನಲ್ಲಿ ನಿಲ್ಲುವ ಎಣ್ಣೆ ಅದಲ್ಲ.

ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುವ ನನ್ನ ಭಾವಮೈದನಿಗೆ ಈ ಕಥೆ ಹೇಳಿದೆ. "ಭಾವ, ಅಷ್ಟಕ್ಕೆ ಇಷ್ಟು ತಲೆ ಕೆಡಿಸ್ಕೊಂಡಿದೀರಾ?" ಅಂತ ಮರುದಿನವೇ ಕೆಮ್ಮಿನ ಔಷಧಿ ಬಾಟಲಿಯಲ್ಲಿ ಟರ್ಬೈನ್ ಆಯಿಲ್ 68 ತಂದುಕೊಟ್ಟ. ಡಿಟರ್ಜೆಂಟ್ ಇಲ್ಲದ, ಬೇಗ ಅಂಟಾಗದ ಖನಿಜ ತೈಲ. 68 ಅನ್ನುವುದು 40 ಡಿಗ್ರಿಯಲ್ಲಿ ಅದರ ದಪ್ಪದ ಅಳತೆ. ಆ ಬಾಟಲಿ ನನ್ನ ಮಗನ ಕಾಲಕ್ಕೂ ಮುಗಿಯಲ್ಲ.

ಒಂದು ಸೂಕ್ಷ್ಮ ಇದೆ. ಹಳೆಯ ಪ್ಲೇಯರ್‌ಗಳ ಕಂಚಿನ ಬುಶ್ ಹಲವು ಸಲ ಸಣ್ಣ ಸಣ್ಣ ರಂಧ್ರಗಳ ಪುಡಿಕಂಚಿನದ್ದಾಗಿರುತ್ತೆ, ಎಣ್ಣೆ ಕುಡಿದು ಇಟ್ಟುಕೊಂಡಿರುತ್ತೆ. ಐಪಿಎ ಆ ಎಣ್ಣೆಯನ್ನೂ ಎಳೆದುಬಿಡುತ್ತೆ. ಹಾಗಾಗಿ ತೊಳೆದ ಮೇಲೆ ಪೂರ್ತಿ ಒಣಗಲು ಬಿಟ್ಟು, ಹೊಸ ಎಣ್ಣೆ ಹಾಕಿ ಒಂದು ರಾತ್ರಿ ಹಾಗೇ ಮುಚ್ಚಿಟ್ಟೆ, ಬೆಳಗ್ಗೆ ಮಟ್ಟ ನೋಡಿ ಇನ್ನೆರಡು ಹನಿ ಸೇರಿಸಿದೆ.

ಆಮೇಲೆ ಒಳತಟ್ಟೆಯನ್ನು ವಾಪಸ್ ಕೂರಿಸುವ ಘಳಿಗೆ. ಈ ಯಂತ್ರದಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ, ಯಾವ ವಿಮರ್ಶೆಯಲ್ಲೂ ಓದಿರಲಿಲ್ಲ. ಶಾಫ್ಟಿನ ತುದಿಯನ್ನು ಗುಂಡಿಯ ಬಾಯಿಗೆ ನೇರವಾಗಿ ಇಟ್ಟು ಕೈ ಬಿಟ್ಟರೆ ಅದು ಬೀಳಲ್ಲ. ಒಳಗಿನ ಗಾಳಿಗೂ ಎಣ್ಣೆಗೂ ಹೊರಬರಲು ಕೂದಲೆಳೆಯಷ್ಟೇ ಸಂದು, ಅದರಿಂದ ತಟ್ಟೆ ತನ್ನಷ್ಟಕ್ಕೆ, ಅವಸರವಿಲ್ಲದೆ, ನೋಡುತ್ತಿದ್ದ ಹಾಗೆ ಕೆಳಗಿಳಿಯುತ್ತೆ. ಕೊನೆಯಲ್ಲಿ ಬಾಯಿಯ ಸುತ್ತ ಎಣ್ಣೆಯ ಒಂದು ತೆಳು ಉಂಗುರ ಮೂಡುತ್ತೆ, ಅದನ್ನು ಬಟ್ಟೆಯಲ್ಲಿ ಒರೆಸಬೇಕು. ನನಗೆ ಸಾಕಾಗದೆ ಮತ್ತೆ ಎತ್ತಿ ಮತ್ತೆ ಬಿಟ್ಟೆ. ಐವತ್ತು ವರ್ಷದ ಬೇರಿಂಗ್ ಸವೆದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಧಡ್ ಅಂತ ಬಿದ್ದರೆ ಸವೆದಿದೆ ಅಥವಾ ಎಣ್ಣೆ ಇಲ್ಲ. ಅವಸರಕ್ಕೆ ಒತ್ತಬೇಡಿ, ತುದಿಯ ಬಿಂದುವಿಗೆ ಪೆಟ್ಟು. ಬೆಲ್ಟ್ ಹಾಕುವ ಮುಂಚೆ ಕೈ ತೊಳೆಯಿರಿ, ಒಳತಟ್ಟೆಯ ಅಂಚನ್ನು ಐಪಿಎಯಲ್ಲಿ ಒರೆಸಿ.

ಫಲ ಏನು? ಮಾರಿದವರ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು. ಧನುರ್ಮಾಸದ ಬೆಳಗ್ಗೆಯೂ ಸ್ವಿಚ್ ಹಾಕಿದ ಕೆಲವೇ ಸುತ್ತಿನಲ್ಲಿ ವೇಗಕ್ಕೆ ಬರುತ್ತೆ. 180 ಗೆರೆಯ ಸ್ಟ್ರೋಬ್ ಚಕ್ರ ಇಟ್ಟು ನೋಡಿದೆ, ವೇಗ ಸರಿಯಿದ್ದರೆ ಮಿಣುಕುವ ಬೆಳಕಲ್ಲಿ ಅದರ ಗೆರೆಗಳು ನಿಂತಂತೆ ಕಾಣುತ್ತವೆ. ಗೆರೆಗಳು ನಿಂತಲ್ಲೇ ನಿಂತವು. ಇದನ್ನು ಎಲ್‌ಇಡಿ ಬಲ್ಬಿನ ಕೆಳಗೆ ಮಾಡಲು ಹೋಗಬೇಡಿ, ಮಿಣುಕದ ಬೆಳಕಲ್ಲಿ ಗೆರೆ ಕಾಣಲ್ಲ. ನಾನು ಅಡುಗೆಮನೆಯ ಹಳೆಯ ಚೋಕ್ ಟ್ಯೂಬ್‌ಲೈಟ್ ಕೆಳಗೆ ಪ್ಲೇಯರನ್ನೇ ಹೊತ್ತೊಯ್ದು ನೋಡಿದ್ದು. ಕಿವಿಗೆ ಗೊತ್ತಾಗಿದ್ದು ವೀಣೆಯ ಪ್ಲೇಟಿನಲ್ಲಿ. ತಂತಿ ಮೀಟಿ ಬಿಟ್ಟ ಮೇಲೆ ಉಳಿಯುವ ನಾದ ಮೊದಲು ಸಣ್ಣಗೆ ನಡುಗುತ್ತಿತ್ತು, ಅದು ವಾದಕರ ಗಮಕವೇ ಇರಬೇಕು ಅಂದುಕೊಂಡಿದ್ದೆ. ಈಗ ನಡುಕ ಇಲ್ಲ, ಗಮಕ ಇದ್ದ ಕಡೆ ಗಮಕ ಇದೆ.

ದಿನಕ್ಕೆ ಒಂದು ಗಂಟೆ ಕೇಳುವ ಮನೆಗೆ ಈ ಕೆಲಸ ಪದೇ ಪದೇ ಬೇಕಿಲ್ಲ. ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಇಟ್ಟುಕೊಂಡಿರುವ ಗೆಳೆಯನ ಕೈಪಿಡಿಯಲ್ಲಿ 2000 ಗಂಟೆಗೊಮ್ಮೆ ಎರಡು ಮೂರು ಹನಿ ಅಂತಿದೆ, ಅಂದರೆ ನನ್ನ ಲೆಕ್ಕಕ್ಕೆ ಐದು ವರ್ಷದ ಮೇಲಾಯಿತು. ಅದು ಬೇರೆ ಬಗೆಯ ಯಂತ್ರ, ಲೆಕ್ಕ ಮಾತ್ರ ಅಂದಾಜಿಗೆ. ನಾನು ದೀಪಾವಳಿ ಹೊತ್ತಿಗೆ ಒಮ್ಮೆ ಎತ್ತಿ ಎಣ್ಣೆಯ ಬಣ್ಣ ನೋಡಿ, ತಿಳಿಯಾಗಿದ್ದರೆ ಹಾಗೇ ಇಳಿಸುತ್ತೀನಿ. ಆ ಇಳಿಯುವುದನ್ನು ನೋಡುವ ನೆಪ ಅದು ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತು.

ಉಳಿದ ಕೊರತೆಗಳನ್ನು ಬೇಗ ಹೇಳಿಬಿಡುತ್ತೀನಿ. ಸ್ಪ್ರಿಂಗ್ ಮೇಲೆ ತೇಲುವುದರಿಂದ ಮಕ್ಕಳು ಓಡಾಡಿದರೆ ಮುಳ್ಳು ಹಾರುತ್ತೆ, ಗೋಡೆಗೆ ಕಲ್ಲಿನ ಶೆಲ್ಫ್ ಹೊಡೆಸಿದ ಮೇಲೆ ಸರಿಹೋಯಿತು. ಕರೆಂಟ್ ಹೋಗಿ ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಓಡಿದರೆ ಮೋಟರು ಗುಂಯ್ ಅನ್ನುತ್ತೆ. 60 ಹರ್ಟ್ಸ್ ದೇಶದಿಂದ ಯಾರಾದರೂ ತಂದ ಪ್ಲೇಯರ್ ಆದರೆ ಮೋಟರಿನ ಪುಲ್ಲಿ ಬದಲಾಯಿಸದೆ ನಮ್ಮಲ್ಲಿ 33⅓ ಬದಲು 28ರ ಹತ್ತಿರ ತಿರುಗುತ್ತೆ, ಕೊಳ್ಳುವಾಗ ಕೇಳಿ. ಹೊಸ ಪ್ಲೇಯರ್ ಕೊಳ್ಳುವಷ್ಟೇ ದುಡ್ಡಿದ್ದು, ಎಣ್ಣೆ ಬಟ್ಟೆ ಅಂತ ಕೂರುವ ವ್ಯವಧಾನ ಇಲ್ಲದವರಿಗೆ ಇದು ಬೇಡ. ನನ್ನ ಹಾಗೆ ಸಂಬಳದಲ್ಲಿ ಉಳಿಸಿ ಒಂದೇ ಸಲ ಕೊಳ್ಳುವವರಾದರೆ ಅಂಗಡಿಯಲ್ಲೇ ಒಳತಟ್ಟೆ ಎತ್ತಿಸಿ, ಮೂಸಿ ನೋಡಿ, ಇಳಿಯುವುದನ್ನು ನೋಡಿ, ಆಮೇಲೆ ರೇಟ್ ಮಾತಾಡಿ. ಎತ್ತಲು ಬಿಡದವನ ಹತ್ತಿರ ಕೊಳ್ಳಬೇಡಿ.

ದೊಡ್ಡ ಕೊರತೆ ಒಂದೇ. ಇದರಲ್ಲಿ ಹಳೆಯ ಪ್ಲೇಟುಗಳಿಗೆ ಬೇಕಾದ 78ರ ವೇಗ ಇಲ್ಲ. ಪಕ್ಕದ ಗುಬ್ಬಿಯ ಅಜ್ಜನ ಮನೆಯಿಂದ ಬಂದ ಕಂಪನಿ ನಾಟಕದ ಹಾಡುಗಳ ಅರಗಿನ ಪ್ಲೇಟುಗಳು ಅಟ್ಟದ ಮೇಲೆ ಹಾಗೇ ಇವೆ. ಅದಕ್ಕೆ ಗ್ಯಾರಾರ್ಡ್ 301 ಹುಡುಕುತ್ತಿದ್ದೀನಿ, 1954ರಲ್ಲಿ ಬಂದ ಮಾದರಿ. ಅದರಲ್ಲಿ ಮೊದಮೊದಲಿನವು ಗ್ರೀಸ್ ಬೇರಿಂಗ್, ಆಮೇಲಿನವು ಎಣ್ಣೆಯವು, ಒಂದರದ್ದು ಇನ್ನೊಂದಕ್ಕೆ ಹಾಕುವ ಹಾಗಿಲ್ಲ. ಭಾವಮೈದನಿಗೆ ಗ್ರೀಸ್ ವಿಚಾರಿಸಲು ಹೇಳಿ ಆಗಿದೆ. ಪ್ಲೇಯರ್ ವಿಷಯ ಮನೆಯಲ್ಲಿ ಇನ್ನೂ ಎತ್ತಿಲ್ಲ.