ಯೂತ್ ಮಕ್ಕಳ ಜೊತೆ ಕೂತು ನೋಡಿದ ಸಾಕ್ಷ್ಯಚಿತ್ರ

ಮಂಗಳೂರಿನ ನಮ್ಮ ಚರ್ಚ್ ಸಭೆಯಲ್ಲಿ ನಾನು ಸಂಡೇ ಸ್ಕೂಲ್ ಟೀಚರ್. ಈಗಿನ ಯೂತ್ ಮಕ್ಕಳೆಲ್ಲ ಕಾಲೇಜಿನವರು, ಬೈಬಲ್ ಚೆನ್ನಾಗಿ ಓದಿಕೊಂಡವರು. ಸಲಿಂಗಿಗಳ ಮಾತು ಬಂದರೆ ಮಾತ್ರ ಅವರ ಹತ್ತಿರ ಬೈಬಲಿನ ಎರಡೇ ಉತ್ತರ: ದೇವರು ನಾಶ ಮಾಡಿದ ಸೊದೋಮ್ ಪಟ್ಟಣದ ಕಥೆ, ಹಳೆಯ ಒಡಂಬಡಿಕೆಯ ನಿಯಮಗಳ ಪುಸ್ತಕವಾದ ಯಾಜಕಕಾಂಡದ ನಿಷೇಧ. ಅದಕ್ಕೇ ಒಂದು ಶನಿವಾರ ಹನ್ನೊಂದು ಜನರನ್ನು ಮನೆಗೆ ಕರೆದು ‘ಫಾರ್ ದ ಬೈಬಲ್ ಟೆಲ್ಸ್ ಮಿ ಸೋ’ ತೋರಿಸಿದೆ.

ಡೇನಿಯಲ್ ಕಾರ್ಸ್ಲೇಕ್ 2007ರಲ್ಲಿ ತಂದ ಅಮೆರಿಕದ ಚಿತ್ರ ಇದು. ಐದು ಕ್ರೈಸ್ತ ಕುಟುಂಬಗಳು, ಪ್ರತಿ ಮನೆಯಲ್ಲೂ ಒಬ್ಬ ಗೇ ಮಗ ಅಥವಾ ಲೆಸ್ಬಿಯನ್ ಮಗಳು. ದಕ್ಷಿಣ ಆಫ್ರಿಕಾದ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಕೂಡ ಬಂದು ಮಾತಾಡುತ್ತಾರೆ.

ಚಿತ್ರದಲ್ಲಿ ಬರುವ ಬೈಬಲ್ ವಾಕ್ಯದ ವಾದದಿಂದ ಮಕ್ಕಳ ಮನಸ್ಸು ಅಲುಗಾಡೀತು ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಅದೇ ಯಾಜಕಕಾಂಡ ರೆಕ್ಕೆ, ಪೊರೆ ಇಲ್ಲದ ಜಲಚರಗಳನ್ನೂ ತಿನ್ನಬಾರದು ಅನ್ನುತ್ತದೆ. ನಮ್ಮ ಪ್ಲೇಟಿನಲ್ಲಿ ಸಿಗಡಿ ಸುಕ್ಕ ಇತ್ತು. ಒಬ್ಬ ಹುಡುಗ ತಿನ್ನುವುದನ್ನು ನಿಲ್ಲಿಸಿ, ‘ಊಟದ ನಿಯಮ ಹೊಸ ಒಡಂಬಡಿಕೆಯ ಅಪೊಸ್ತಲರ ಕೃತ್ಯ ಹತ್ತನೇ ಅಧ್ಯಾಯದಲ್ಲಿ ಹೋಯ್ತು ಟೀಚರ್, ಇದು ಹೋಗ್ಲಿಲ್ಲ’ ಅಂದ. ಇನ್ನೊಬ್ಬಳು ಸಲಿಂಗ ಸಂಬಂಧ ಅಪರಾಧವಲ್ಲ ಎಂದ ಸುಪ್ರೀಂ ಕೋರ್ಟಿನ 2018ರ 377ನೇ ಸೆಕ್ಷನ್ ತೀರ್ಪು ನೆನಪಿಸಿ, ‘ಕೋರ್ಟು ಅಪರಾಧ ಅಲ್ಲ ಅಂದ್ರೆ ಪಾಪ ಅಲ್ಲ ಅಂತ ಆಗ್ತದಾ?’ ಅಂತ ಕೇಳಿದಳು. ನಡುವೆ ಬರುವ ಕಾರ್ಟೂನು ನನಗೆ ಇಷ್ಟವಾಗಲಿಲ್ಲ. ಒಪ್ಪದವರನ್ನು ದಡ್ಡರ ಹಾಗೆ ತೋರಿಸುತ್ತದೆ. ಮಕ್ಕಳು ಅಲ್ಲಿಗೆ ಫೋನ್ ಕೈಗೆತ್ತಿಕೊಂಡರು.

ಫೋನು ಕೆಳಗಿಳಿದದ್ದು ಮೇರಿ ಲೂ ವಾಲ್ನರ್ ಬಂದಾಗ. ಮಗಳು ಅನ್ನಾ ತಾನು ಲೆಸ್ಬಿಯನ್ ಅಂತ ಕಾಗದ ಬರೆದಿದ್ದಳು. ತಾಯಿ ದೇವರ ಹೆಸರಿನಲ್ಲೇ ಕಟುವಾಗಿ ಉತ್ತರ ಬರೆದರು. 1997ರಲ್ಲಿ ಅನ್ನಾ ತನ್ನ ಜೀವವನ್ನು ತಾನೇ ಕಳೆದುಕೊಂಡಳು. ಇಲ್ಲಿ ನಾನು ನಿಲ್ಲಿಸಿ ಲೈಟ್ ಹಾಕಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನೀವೂ ತೋರಿಸುವುದಾದರೆ ಇಲ್ಲಿ ದಯವಿಟ್ಟು ನಿಲ್ಲಿಸಿ. ಕೂತವರಲ್ಲಿ ಯಾರ ಮನಸ್ಸಿನಲ್ಲಿ ಏನಿದೆ ಅಂತ ನಮಗೆ ಗೊತ್ತಿರುವುದಿಲ್ಲ, ಅಲ್ವಾ?

ಮಕ್ಕಳು ಜಾಸ್ತಿ ನಂಬಿದ್ದು ನಾರ್ತ್ ಕೆರೊಲಿನಾದ ಪೊಟೀಟ್ ದಂಪತಿಯನ್ನು. ಇಬ್ಬರೂ ಚರ್ಚಿನಲ್ಲಿ ಪ್ರಸಂಗ ಮಾಡುವ ಬೋಧಕರು. ಮಗಳನ್ನು ಬಿಟ್ಟುಕೊಡುವುದಿಲ್ಲ, ಪೂರ್ತಿ ಒಪ್ಪಿಕೊಂಡೂ ಇಲ್ಲ. ‘ನಮ್ಮ ಮನೆಯಲ್ಲೂ ಹೀಗೇ ಆಗಬಹುದು’ ಅಂತ ಮೂರು ನಾಲ್ಕು ಜನ ಹೇಳಿದರು. 2003ರಲ್ಲಿ ಗುಂಡು ನಿರೋಧಕ ಅಂಗಿ ತೊಟ್ಟು ಬಿಷಪ್ ಪಟ್ಟಕ್ಕೆ ಏರಿದ, ತಾನು ಗೇ ಅಂತ ಬಹಿರಂಗವಾಗಿ ಹೇಳಿಕೊಂಡ ಜೀನ್ ರಾಬಿನ್ಸನ್ ಅವರ ಮೇಲೆ ಗೌರವ ಮೂಡಿತು. ಆದರೆ ಅವರು ದೂರದವರಾಗಿಯೇ ಉಳಿದರು.

ನೋಡಿದ ಕೂಡಲೇ ಅವರ ನಂಬಿಕೆ ಬದಲಾಯಿತು ಅಂತ ನಾನು ಹೇಳುವುದಿಲ್ಲ. ಚಿತ್ರ ಮುಗಿದ ಮೇಲೆ ಅವರು ಮಾತಾಡಿದ ರೀತಿ ಮಾತ್ರ ಬೇರೆಯಾಗಿತ್ತು. ‘ಅಂಥವರು’ ಅನ್ನುವ ಬದಲು ‘ಅನ್ನಾ’ ಅನ್ನುತ್ತಿದ್ದರು. ಮಾತೆಲ್ಲ ಇಂಗ್ಲಿಷಿನಲ್ಲೇ ಇರುವುದರಿಂದ ಅಲ್ಲಲ್ಲಿ ನಿಲ್ಲಿಸಿ ಕನ್ನಡದಲ್ಲಿ ಹೇಳಬೇಕಾಯಿತು. ಒಂದೂವರೆ ಗಂಟೆಯ ಚಿತ್ರಕ್ಕೆ ಮೂರು ಗಂಟೆ ಹಿಡಿಯಿತು. ಎರಡು ಸಂಜೆಗೆ ಹಂಚಿಕೊಂಡರೆ ಒಳ್ಳೆಯದು.

ಸಿಗಡಿಯ ಮಾತಿಗೆ ಉತ್ತರ ಕೊಟ್ಟ ಹುಡುಗ ಪ್ಲೇಟ್ ತೊಳೆಯಲು ಒಳಗೆ ಬಂದ. ಆ ಅಮ್ಮ ಆಮೇಲೆ ಏನು ಮಾಡಿದರು ಅಂತ ಕೇಳಿದ. ಬೇರೆ ತಂದೆತಾಯಂದಿರ ಮುಂದೆ ತನ್ನ ತಪ್ಪನ್ನು ಹೇಳಿಕೊಂಡರು ಅಂದೆ. ನಲ್ಲಿ ನಿಲ್ಲಿಸಿ, ‘ಆ ಕಾಗದ ಬರೆದಾಗ ಅವರೂ ನಮ್ಮ ಹಾಗೆ ವಾಕ್ಯ ಓದಿಯೇ ಬರೆದಿದ್ದಲ್ವಾ ಟೀಚರ್’ ಅಂದ.