ಬಭ್ರುವಾಹನ: ಮಂಟಪ ಕಟ್ಟುವವರು ನೋಡಲೇಬೇಕಾದ ಸಿನಿಮಾ

ಮಡಿಕೇರಿ ದಸರಾ ಮೆರವಣಿಗೆಯಲ್ಲಿ ಮೂರ್ತಿ, ಬೆಳಕು, ಸದ್ದಿನಿಂದ ಪುರಾಣ ಕಥೆ ತೋರಿಸುವ ಮಂಟಪಗಳ ತಂಡಗಳು ಕಥೆ ಹುಡುಕುವಾಗ ಹೆಚ್ಚಾಗಿ ಯುದ್ಧದಿಂದಲೇ ಯೋಚನೆ ಶುರು ಮಾಡುತ್ತವೆ. ಅಸುರ ಎಷ್ಟೆತ್ತರ, ಬೆಂಕಿ ಎಲ್ಲಿಂದ, ಹೊಗೆ ಎಷ್ಟು. 1977ರ ‘ಬಭ್ರುವಾಹನ’ದಲ್ಲಿ ಮೈ ಜುಮ್ಮೆನ್ನಿಸುವುದು ಬಾಣಗಳಲ್ಲ, ಬಾಣ ಹೂಡುವ ಮೊದಲಿನ ಮಾತು.

ಲಕ್ಷ್ಮೀಶನ ಜೈಮಿನಿ ಭಾರತ ಓದಿದವರಿಗೆ ಪ್ರಸಂಗ ಗೊತ್ತು. ಅಶ್ವಮೇಧ ಯಾಗದ ಕುದುರೆ ಕಟ್ಟಿದ ಬಭ್ರುವಾಹನ, ಅದರ ಬೆಂಗಾವಲಿಗೆ ಬಂದವನು ಅಪ್ಪ ಅರ್ಜುನನೆಂದು ತಿಳಿದು ಕಾಣಿಕೆ ಹೊತ್ತು ಬರುತ್ತಾನೆ. ಅರ್ಜುನ ಅವನನ್ನು ಹೇಡಿ ಎಂದು ಜರೆದು, ತಾಯಿಯ ಶೀಲವನ್ನೇ ಹಂಗಿಸುತ್ತಾನೆ. ಎರಡೂ ಪಾತ್ರ ರಾಜ್‌ಕುಮಾರ್ ಅವರದೇ. ಆಗಿನ ದ್ವಿಪಾತ್ರವೆಂದರೆ ಕ್ಯಾಮೆರಾ ಬಿಗಿದು, ಅರ್ಧ ಫ್ರೇಮ್ ಮುಚ್ಚಿ ಒಂದು ಪಾತ್ರ ತೆಗೆದು, ರೀಲ್ ಹಿಂದಕ್ಕೆ ಸುತ್ತಿ ಇನ್ನರ್ಧ ತೆಗೆಯುವುದು. ನಡುಗೆರೆ ದಾಟಿ ಕೈ ಚಾಚುವಂತಿಲ್ಲ. ಹಾಗಾಗಿ ಅಪ್ಪ ಬೇರೆ, ಮಗ ಬೇರೆ ಎಂದು ತೋರಿಸುವ ಭಾರವೆಲ್ಲ ದನಿ, ಕತ್ತಿನ ನಿಲುವು, ಮಾತಿನ ಓಟದ ಮೇಲೆ. ‘ಯಾರು ತಿಳಿಯರು ನಿನ್ನ’ ಹಾಡಿನಲ್ಲಿ ಅರ್ಜುನನಿಗೆ ಪಿ. ಬಿ. ಶ್ರೀನಿವಾಸ್, ಮಗನಿಗೆ ಸ್ವತಃ ರಾಜ್. ವರ್ಷಗಟ್ಟಲೆ ರಾಜ್ ಅವರ ಹಾಡುದನಿಯಾಗಿದ್ದವರು ಇಲ್ಲಿ ಅಪ್ಪನ ದನಿ! ಎಂಥಾ ಆಯ್ಕೆ. ಟಿ. ಜಿ. ಲಿಂಗಪ್ಪ ಅವರ ಸಂಗೀತಕ್ಕೂ ನಿರ್ದೇಶಕ ಹುಣಸೂರು ಕೃಷ್ಣಮೂರ್ತಿ ಅವರ ರಂಗಭೂಮಿ ಪಳಗಿಕೆಗೂ ಈ ಒಂದು ಹಾಡು ಸಾಕ್ಷಿ.

ಕೊರತೆ ಇಲ್ಲದಿಲ್ಲ. ಅರ್ಜುನನ ಹೆಂಡತಿಯರಾದ ಉಲೂಪಿ, ಚಿತ್ರಾಂಗದೆಯರ ಭಾಗ ನಿಧಾನ. ಬಾಣಕ್ಕೆ ಬಾಣ ಢಿಕ್ಕಿ ಹೊಡೆಯುವ ತಂತ್ರಗಳಿಗೆ ವಯಸ್ಸಾಗಿದೆ. ಆದರೂ ಬಿ. ಸರೋಜಾದೇವಿ ಅವರ ಚಿತ್ರಾಂಗದೆಗಾಗಿ ಮೊದಲರ್ಧವನ್ನು ಓಡಿಸಬೇಡಿ. ಬಭ್ರುವಾಹನನ ತಾಯಿ ಅವಳೇ; ಅವಳನ್ನು ಅರಿಯದಿದ್ದರೆ ಅರ್ಜುನನ ಆ ನಿಂದೆ ಚುಚ್ಚುವುದಿಲ್ಲ.

ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ನೋಡುವುದಾದರೆ ಟಿವಿಯ ಬಾಸ್ ಇಳಿಸಿ, ಮಾತು ಸ್ಪಷ್ಟವಾಗಿಸುವ ಸೆಟ್ಟಿಂಗ್ ಹಾಕಿ. ಹಳೇ ಧ್ವನಿಮುದ್ರಣ ಮಳೆ ಸದ್ದಿನಲ್ಲಿ ಬೇಗ ಮುಳುಗುತ್ತದೆ. ಮುಖ ಅಗಲವಾಗಿ ಕಂಡರೆ ಅಥವಾ ಕಿರೀಟ ಕತ್ತರಿಸಿದ್ದರೆ ಪಿಕ್ಚರ್ ಸೈಜ್ ಬದಲಿಸಿ; ಆಗಲೂ ಸರಿಹೋಗದಿದ್ದರೆ ಆ ಪ್ರತಿಯೇ ಕೆಟ್ಟದ್ದು, ಬೇರೆ ಹುಡುಕಿ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ ಆಡುವ ಮಕ್ಕಳಿಗೆ ಈ ಗ್ರಾಂಥಿಕ ಕನ್ನಡ ತೊಡಕು. ಅಶ್ವಮೇಧ ಎಂದರೇನು, ಯಾರ ಮಗ ಯಾರು ಎಂದು ಮೊದಲೇ ಹೇಳಿಬಿಡಿ.

ಮಂಟಪದವರು ಗಮನಿಸಬೇಕಾದದ್ದು ಮಾತಿನ ನಡುವಿನ ಬಿಡುವು. ವಿಜಯದಶಮಿ ರಾತ್ರಿ ಪಕ್ಕದ ಮಂಟಪದ ಸ್ಪೀಕರ್, ಜನರ ಕೂಗಿನ ನಡುವೆ ಓಡುವ ಸಂಭಾಷಣೆ ಯಾರಿಗೂ ಕೇಳುವುದಿಲ್ಲ. ಇಲ್ಲಿಯಂತೆ ಒಂದು ಸಾಲು, ಬಳಿಕ ವಾದ್ಯ, ಆಮೇಲೆ ಉತ್ತರ ಇರಲಿ. ಮಾತನಾಡುವ ಮೂರ್ತಿಯ ಮೇಲೆ ಬೆಳಕು ಮಾತಿಗಿಂತ ಕ್ಷಣ ಮೊದಲೇ ಬೀಳಲಿ, ಇಲ್ಲವಾದರೆ ಯಾರು ಮಾತಾಡಿದರೆಂದು ಹುಡುಕುವುದರಲ್ಲೇ ಸಾಲು ಮುಗಿಯುತ್ತದೆ. ಸಿನಿಮಾದ ಆಡಿಯೊವನ್ನೇ ಎತ್ತಿ ಹಾಕಬೇಡಿ, ಅದಕ್ಕೆ ಹಕ್ಕುದಾರರಿದ್ದಾರೆ. ಊರಿನಲ್ಲೇ ಒಳ್ಳೆಯ ದನಿಯವರನ್ನು ಹಿಡಿದು ನಿಮ್ಮದೇ ಸಂಭಾಷಣೆ ರೆಕಾರ್ಡ್ ಮಾಡಿಸಿ.